ಹೆರಿಗೆ ಎಲ್ಲಿ, ಬಾಣಂತನ ಎಲ್ಲಿ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಒಳಗಿನ ಹಳ್ಳಿ. ಮಗಳು ಬೆಂಗಳೂರಿನಲ್ಲಿದ್ದಾಳೆ, ಚೊಚ್ಚಲ ಬಸುರಿ, ಈಗ 28 ವಾರ. ಸೀಮಂತ ಮುಗಿಸಿ ಮನೆಗೆ ಕರೆತರಬೇಕು ಅಂತಿದ್ದೇವೆ. ದಿನ ಕೊಟ್ಟಿರುವುದು ಜುಲೈ ಕೊನೆಗೆ. ಬಿ.ಪಿ. ಸ್ವಲ್ಪ ಜಾಸ್ತಿ ಇದೆ ಅಂದಿದ್ದಾರೆ. ನಮಗೆ ತಾಲೂಕು ಆಸ್ಪತ್ರೆಗೆ ಮುಕ್ಕಾಲು ಗಂಟೆ, ಶಿವಮೊಗ್ಗಕ್ಕೆ ಎರಡೂವರೆ ಗಂಟೆ ದಾರಿ. ಹೋದ ವರ್ಷ ಪಕ್ಕದ ಮನೆಯವರ ಸೊಸೆಗೆ ಏಳೂವರೆ ತಿಂಗಳಿಗೇ ಹೆರಿಗೆಯಾಯಿತು. ಮಗುವನ್ನು ಶಿವಮೊಗ್ಗಕ್ಕೆ ಒಯ್ದರೂ ಉಳಿಯಲಿಲ್ಲ. "ಮೊದಲೇ ದೊಡ್ಡಾಸ್ಪತ್ರೆಗೆ ಹೋಗಿದ್ದರೆ ಉಳೀತಿತ್ತು" ಅಂತ ಕೆಲವರು, "ಮಕ್ಕಳು ಜಾಸ್ತಿ ಸಾಯೋದೇ ಅಲ್ಲಿ" ಅಂತ ಇನ್ನು ಕೆಲವರು. ಹುಟ್ಟುವ ಆಸ್ಪತ್ರೆಯಿಂದ ಮಗುವಿನ ಜೀವಕ್ಕೆ ನಿಜಕ್ಕೂ ಅಷ್ಟು ವ್ಯತ್ಯಾಸ ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ಎಲ್ಲ ಮಕ್ಕಳಿಗೂ ಒಂದೇ ಸಮ ಆಗುವುದಿಲ್ಲ. ದಿನ ತುಂಬಿ, ಎರಡೂವರೆ ಮೂರು ಕೆಜಿ ತೂಗುತ್ತಾ ಹುಟ್ಟುವ ಮಗುವಿನ ಮಾತೇ ಬೇರೆ. ಅದಕ್ಕೆ ಆಸ್ಪತ್ರೆ ದೊಡ್ಡದಾ ಚಿಕ್ಕದಾ ಅನ್ನುವುದಕ್ಕಿಂತ ಆ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು ಮುಖ್ಯ. ದಿನ ತುಂಬುವ ಮೊದಲೇ ಒಂದು, ಒಂದೂವರೆ ಕೆಜಿಗೆ ಹುಟ್ಟಿಬಿಡುವ ಮಗುವಿಗೆ ಮಾತ್ರ ಹುಟ್ಟುವ ಜಾಗವೇ ಅರ್ಧ ಚಿಕಿತ್ಸೆ. ನಿಮ್ಮ ಮಗಳಿಗೆ ಬಿ.ಪಿ. ಜಾಸ್ತಿ ಇದೆ ಅಂದಿದ್ದೀರಿ. ಹಾಗಾಗಿ ನಾವು ಎರಡೂ ಲೆಕ್ಕ ಹಾಕಿಕೊಂಡಿರಬೇಕು.

ಮೊದಲು ದಿನ ತುಂಬಿದ ಮಗುವಿನದು ಹೇಳುತ್ತೇನೆ. ನೂರು ಮಕ್ಕಳು ಹುಟ್ಟಿದರೆ ಸುಮಾರು 85 ಮಕ್ಕಳು ಯಾರ ಸಹಾಯವೂ ಇಲ್ಲದೆ ಅತ್ತು ಉಸಿರಾಡುತ್ತವೆ. ಇನ್ನು ಹತ್ತು ಮಕ್ಕಳಿಗೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಬೆನ್ನು ಉಜ್ಜಿದರೆ ಸಾಕು. ಉಳಿದ ನಾಲ್ಕೈದು ಮಕ್ಕಳಿಗೆ ಮೂಗು ಬಾಯಿಗೆ ಮಾಸ್ಕ್ ಇಟ್ಟು ಬ್ಯಾಗ್‌ನಿಂದ ಉಸಿರು ತುಂಬಬೇಕು. ಅದೂ ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಶುರುವಾಗಬೇಕು. ಇದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾಗುವ ಮಕ್ಕಳು ತೀರಾ ಕಡಿಮೆ.

ಈ ಬ್ಯಾಗು ಮಾಸ್ಕು ದುಬಾರಿ ವಸ್ತುವೇನಲ್ಲ. ಪಿಎಚ್‌ಸಿಯಲ್ಲೂ ಇರುತ್ತದೆ. ಬೇಕಾಗಿರುವುದು ಅದನ್ನು ಹಿಡಿದು ರೂಢಿಯಿರುವ ಕೈ. ತಲೆಯನ್ನು ಸ್ವಲ್ಪ ಹಿಂದಕ್ಕೆ ಇಡಬೇಕು. ತೀರಾ ಹಿಂದಕ್ಕೆ ಹೋದರೂ ಉಸಿರಿನ ದಾರಿ ಮುಚ್ಚುತ್ತದೆ, ಮುಂದಕ್ಕೆ ಬಾಗಿದರೂ ಮುಚ್ಚುತ್ತದೆ. ಮಾಸ್ಕಿನ ಅಂಚು ಗದ್ದಕ್ಕೆ ಕೂತಿರಬೇಕು, ಕಣ್ಣಿಗೆ ಒತ್ತಬಾರದು. ಒತ್ತಿದಾಗ ಎದೆ ಮೇಲೇಳುತ್ತಿದೆಯಾ ನೋಡಬೇಕು. ಏಳದಿದ್ದರೆ ಗಾಳಿ ಒಳಗೆ ಹೋಗುತ್ತಿಲ್ಲ ಅಂತ ಅರ್ಥ. ತಿಂಗಳಿಗೆ ನಾಲ್ಕು ಹೆರಿಗೆ ಆಗುವ ಕಡೆ ಎಷ್ಟೇ ಒಳ್ಳೆಯ ಸಿಸ್ಟರ್ ಇದ್ದರೂ ಇಂಥ ಮಗು ಸಿಗುವುದು ವರ್ಷಕ್ಕೆ ಒಂದೋ ಎರಡೋ. ಕೈ ರೂಢಿ ತಪ್ಪುತ್ತದೆ. ಅದರಲ್ಲಿ ಅವರದೇನೂ ತಪ್ಪಿಲ್ಲ, ಕೆಲಸದ ಸ್ವಭಾವವೇ ಹಾಗೆ. ಹಾಗಾಗಿ ದಿನವೂ ಹೆರಿಗೆ ಆಗುವ, ರಾತ್ರಿಯೂ ಡಾಕ್ಟರ್ ಇರುವ ತಾಲೂಕು ಆಸ್ಪತ್ರೆ ತೊಂದರೆಯಿಲ್ಲದ ಬಸುರಿಗೆ ಧಾರಾಳ ಸಾಕು. ಅದಕ್ಕಾಗಿ ಎಲ್ಲರೂ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕಾಗಿಲ್ಲ.

ಹಾಗಂತ ಆಸ್ಪತ್ರೆಯ ಬಾಗಿಲು ದಾಟಿದರೆ ಎಲ್ಲ ಸರಿ ಅಂತಲೂ ಅಲ್ಲ. 2005ರಲ್ಲಿ, ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ದೇಶದಲ್ಲಿ ಮನೆ ಹೆರಿಗೆ ತುಂಬಾ ಕಡಿಮೆಯಾಯಿತು. ಆದರೆ ಆಸ್ಪತ್ರೆ ಹೆರಿಗೆ ಏರಿದಷ್ಟು ವೇಗವಾಗಿ ಹಸುಗೂಸುಗಳ ಸಾವು ಇಳಿಯಲಿಲ್ಲ. ನಮ್ಮ ಕರ್ನಾಟಕದಲ್ಲೇ ಒಂದು ತಾಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಚೆಕ್‌ಲಿಸ್ಟ್ ಇಟ್ಟು ನೋಡಿದರು. 2012ರಲ್ಲಿ ಅದರ ವರದಿ ಬಂತು. ಕೈ ತೊಳೆಯುವುದು, ಬಿ.ಪಿ. ನೋಡುವುದು, ಮಗುವನ್ನು ಬೆಚ್ಚಗಿಡುವುದು ಇಂಥ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ಆಗುತ್ತಿದ್ದವು. ಚೆಕ್‌ಲಿಸ್ಟ್ ಬಂದ ಮೇಲೆ 25 ಆದವು. ಖುಷಿಯ ಸುದ್ದಿಯೇ. ಆದರೆ ಇದನ್ನೇ ಉತ್ತರ ಪ್ರದೇಶದಲ್ಲಿ ದೊಡ್ಡದಾಗಿ ಮಾಡಿ ನೋಡಿದಾಗ ಕೆಲಸದ ರೀತಿ ಸುಧಾರಿಸಿತು, ಸಾವು ಮಾತ್ರ ಇಳಿಯಲಿಲ್ಲ. ಆ ಫಲಿತಾಂಶ 2017ರಲ್ಲಿ ಬಂತು. ನನಗನ್ನಿಸುವುದು ಇಷ್ಟು. ಲೇಬರ್ ವಾರ್ಡ್ ಶಿಸ್ತಾಗಿದ್ದರೆ ಕೆಲವು ಮಕ್ಕಳು ಉಳಿಯುತ್ತವೆ. ತೀರಾ ಸಣ್ಣ ಮಕ್ಕಳು, ಸೋಂಕು ತಗುಲಿದ ಮಕ್ಕಳು ಉಳಿಯಬೇಕಾದರೆ ಅದರ ಹಿಂದೆ ಇನ್ನೊಂದು ಕೋಣೆ ಬೇಕು, ಅಲ್ಲಿ ಹಗಲು ರಾತ್ರಿ ಜನ ಬೇಕು.

ಆ ಕೋಣೆಯ ವಿಷಯಕ್ಕೆ ಬರೋಣ. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಮೂರು ಮೆಟ್ಟಿಲಿವೆ. ಹೆರಿಗೆ ಆಗುವ ಎಲ್ಲ ಕಡೆ ಮಗುವನ್ನು ಬೆಚ್ಚಗಿಡುವ ವಾರ್ಮರ್ ಇರುವ ಒಂದು ಮೂಲೆ. ದೊಡ್ಡ ತಾಲೂಕು ಆಸ್ಪತ್ರೆಗಳಲ್ಲಿ ನಾಲ್ಕು ಹಾಸಿಗೆಯ ಸಣ್ಣ ಘಟಕ. ಜಿಲ್ಲಾ ಮಟ್ಟದಲ್ಲಿ ಹಸುಗೂಸುಗಳ ವಿಶೇಷ ಆರೈಕೆ ಘಟಕ, ಅಂದರೆ ಎಸ್‌ಎನ್‌ಸಿಯು. ನಮ್ಮ ಜಿಲ್ಲೆಗೆ ಅದು ಶಿವಮೊಗ್ಗದ ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ. ನಿಯಮದ ಪ್ರಕಾರ 34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೇ 1,800 ಗ್ರಾಮಿಗಿಂತ ಕಡಿಮೆ ತೂಕದ ಮಗು ಎಸ್‌ಎನ್‌ಸಿಯುಗೇ ಹೋಗಬೇಕು. ತಾಲೂಕು ಘಟಕ ಅದಕ್ಕಲ್ಲ.

ಯಾಕೆ 34 ವಾರ? ಶ್ವಾಸಕೋಶದ ಸಣ್ಣ ಸಣ್ಣ ಗೂಡುಗಳು ಉಸಿರು ಬಿಟ್ಟಾಗ ಅಂಟಿಕೊಳ್ಳದಂತೆ ಒಳಗೆ ಒಂದು ಜಾರುವ ಪದರ ಇರುತ್ತದೆ. ಸರ್ಫ್ಯಾಕ್ಟೆಂಟ್ ಅಂತಾರೆ. ಅದು ಸಾಕಷ್ಟು ತಯಾರಾಗುವುದು ಹೆಚ್ಚುಕಡಿಮೆ 34, 35 ವಾರಕ್ಕೆ. ಅದಕ್ಕೆ ಮೊದಲು ಹುಟ್ಟಿದ ಮಗು ಪ್ರತಿ ಉಸಿರಿಗೂ ಹೊಸ ಬಲೂನು ಊದಿದ ಹಾಗೆ ಶ್ರಮಪಡುತ್ತದೆ. ಪಕ್ಕೆ ಒಳಗೆ ಸೆಳೆಯುತ್ತದೆ, ಪ್ರತಿ ಉಸಿರಿಗೂ ನರಳುತ್ತದೆ. ಮೂಗಿನ ನಳಿಕೆಯಿಂದ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರ, ಬೇಕಾದರೆ ಸರ್ಫ್ಯಾಕ್ಟೆಂಟ್ ಔಷಧ, ಅದನ್ನು ಕೊಡಬಲ್ಲ ಡಾಕ್ಟರ್ ಮೊದಲ ಗಂಟೆಗಳಲ್ಲೇ ಸಿಗಬೇಕು. ನಾಳೆ ಸಿಕ್ಕರೆ ಅಷ್ಟು ಪ್ರಯೋಜನ ಇಲ್ಲ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. "ಏಳು ತಿಂಗಳ ಮಗು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ" ಅಂತ ನಮ್ಮ ಕಡೆ ಅಜ್ಜಿಯರು ಹೇಳುತ್ತಾರಲ್ಲ, ಅದು ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಇನ್ನು ನಿಮ್ಮ ಊರಿನವರ ಜಗಳಕ್ಕೆ ಬರುತ್ತೇನೆ. "ಮಕ್ಕಳು ಜಾಸ್ತಿ ಸಾಯೋದೇ ದೊಡ್ಡಾಸ್ಪತ್ರೇಲಿ" ಅನ್ನುವುದು ಲೆಕ್ಕದಲ್ಲಿ ನಿಜವೇ ಇರಬಹುದು. ಯಾಕೆಂದರೆ ಜಿಲ್ಲೆಯ ಎಲ್ಲ ಕಷ್ಟದ ಕೇಸುಗಳೂ ಬಂದು ಸೇರುವುದು ಅಲ್ಲಿಗೆ. ತೀರ್ಥಹಳ್ಳಿ, ಸಾಗರ, ಸೊರಬ, ಶಿಕಾರಿಪುರ ಎಲ್ಲ ಕಡೆಯಿಂದ ರೆಫರ್ ಆದ ಒಂದು ಕೆಜಿ ಮಕ್ಕಳು ಅಲ್ಲಿರುತ್ತವೆ. ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಸಾವೇ ಇಲ್ಲ ಅಂದರೆ, ಸಾಯುವಂಥ ಮಕ್ಕಳನ್ನು ಅವರು ಇಟ್ಟುಕೊಳ್ಳುವುದೇ ಇಲ್ಲ ಅಂತಲೂ ಇರಬಹುದು. ಬರೀ ಸಾವಿನ ಸಂಖ್ಯೆ ಹಿಡಿದು ಎರಡು ಆಸ್ಪತ್ರೆಗಳನ್ನು ತೂಗಿದರೆ ಮೋಸ ಹೋಗುತ್ತೇವೆ.

ಈ ಗೊಂದಲ ಬಿಡಿಸಲು ಸಂಶೋಧಕರು ಒಂದು ಜಾಣ ದಾರಿ ಹಿಡಿದರು. ಮಗು ಎಷ್ಟು ಕಷ್ಟದಲ್ಲಿದೆ ಎಂದು ನೋಡಿ ಯಾರೂ ಮನೆ ಕಟ್ಟುವುದಿಲ್ಲ, ಅಲ್ವಾ? ದೊಡ್ಡ ಆಸ್ಪತ್ರೆಗೆ ಹತ್ತಿರ ಮನೆಯಿದ್ದವರು ಹೆಚ್ಚಾಗಿ ಅಲ್ಲಿಗೆ ಹೋಗುತ್ತಾರೆ, ದೂರ ಇದ್ದವರು ಹೋಗುವುದಿಲ್ಲ. ಹಾಗಾಗಿ ಮನೆಯಿಂದ ಆಸ್ಪತ್ರೆಗಿರುವ ದೂರವನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಅಮೆರಿಕದ ಪೆನ್ಸಿಲ್ವೇನಿಯಾ, ಕ್ಯಾಲಿಫೋರ್ನಿಯಾ, ಮಿಸೌರಿ ರಾಜ್ಯಗಳ ದಿನ ತುಂಬದ ಮಕ್ಕಳ ಮೇಲೆ ಮಾಡಿದ ಈ ಅಧ್ಯಯನ 2012ರಲ್ಲಿ ಬಂತು. ಒಳ್ಳೆಯ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಇದ್ದು, ಇಂಥ ಮಕ್ಕಳನ್ನು ಹೆಚ್ಚು ನೋಡುವ ಆಸ್ಪತ್ರೆಯಲ್ಲಿ ಹುಟ್ಟಿದವು ಹೆಚ್ಚು ಉಳಿದಿದ್ದವು. ಅದೂ ಸಾಮಾನ್ಯ ಹೋಲಿಕೆಯಲ್ಲಿ ಕಾಣುತ್ತಿದ್ದುದಕ್ಕಿಂತ ದೊಡ್ಡ ವ್ಯತ್ಯಾಸ. ಅದಕ್ಕೆ ಮೊದಲು, 2010ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಒಂದೂವರೆ ಕೆಜಿಯೊಳಗಿನ ಮಕ್ಕಳು ಮೇಲ್ಮಟ್ಟದ ಘಟಕ ಇರುವಲ್ಲಿ ಹುಟ್ಟಿದರೆ ನೂರಕ್ಕೆ 23, ಇಲ್ಲದ ಕಡೆ ಹುಟ್ಟಿದರೆ 38 ತೀರಿಕೊಂಡಿದ್ದವು. ಈ ಅಂಕಿ ನಮ್ಮ ಜಿಲ್ಲೆಯದಲ್ಲ, ಹಾಗೇ ತಂದು ಇಲ್ಲಿ ಹಾಕಿಕೊಳ್ಳಬೇಡಿ. ಆದರೆ ದಿಕ್ಕು ಯಾವ ಕಡೆಗಿದೆ ಎನ್ನುವುದು ಸ್ಪಷ್ಟ.

"ಹತ್ತಿರದಲ್ಲೇ ಹುಟ್ಟಲಿ, ಆಮೇಲೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರಾಯಿತು" ಅನ್ನುವವರಿಗೆ ನನ್ನ ಉತ್ತರ ಸ್ವಲ್ಪ ಗಡುಸು. ಜುಲೈ ರಾತ್ರಿ, ಒಂದೂಕಾಲು ಕೆಜಿ ಮಗು. ಮೈ ಪೂರ್ತಿ ಒರೆಸಿಲ್ಲ, ತಲೆಕೂದಲು ಇನ್ನೂ ಒದ್ದೆ. ಅಜ್ಜಿಯ ಹಳೇ ಸೀರೆ, ಅದರ ಮೇಲೊಂದು ಟವೆಲ್, ಅದರ ಮೇಲೆ ಕಂಬಳಿ. ನೋಡುವವರಿಗೆ ಬೆಚ್ಚಗಿದೆ ಅನ್ನಿಸುತ್ತದೆ. ಆದರೆ ಒಳಗಿನ ಸೀರೆ ಒದ್ದೆಯಾಗಿದೆ. ದಾರಿಯಲ್ಲಿ ಮರ ಬಿದ್ದು ಅರ್ಧ ಗಂಟೆ ನಿಂತಿದ್ದಾರೆ. ನಮ್ಮ ಘಟಕಕ್ಕೆ ಬಂದಾಗ ಅಂಗಾಲು ಮುಟ್ಟಿದರೆ ತಣ್ಣಗೆ, ಹೊಟ್ಟೆ ಮುಟ್ಟಿದರೂ ತಣ್ಣಗೆ. ಥರ್ಮಾಮೀಟರ್ 34 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ, ಇರಬೇಕಾದದ್ದು 36.5ಕ್ಕಿಂತ ಮೇಲೆ. ರಕ್ತದ ಶುಗರ್ ಇಳಿದಿದೆ. ಇಂಥ ಮಗುವಿಗೆ ನಾವು ಕೊಡುವ ಒಳ್ಳೆಯ ಚಿಕಿತ್ಸೆ ಎರಡು ಗಂಟೆ ಹಿಂದುಳಿದೇ ಶುರುವಾಗುತ್ತದೆ. ಸಣ್ಣ ಮಕ್ಕಳ ಮೈಬಿಸಿ ಒಂದೊಂದು ಡಿಗ್ರಿ ಇಳಿದಂತೆಲ್ಲ ಸಾವಿನ ಸಂಭವ ಶೇ. 28ರಷ್ಟು ಏರುತ್ತದೆ ಎಂದು 2007ರ ಒಂದು ಅಮೆರಿಕನ್ ಅಧ್ಯಯನ ಹೇಳಿತ್ತು.

ಇಂಗ್ಲೆಂಡಿನಲ್ಲಿ ಮಕ್ಕಳನ್ನು ಸಾಗಿಸಲೆಂದೇ ತರಬೇತಾದ ತಂಡಗಳಿವೆ, ಇನ್‌ಕ್ಯುಬೇಟರ್ ಇರುವ ಗಾಡಿಗಳಿವೆ. ಅಲ್ಲೂ 28 ವಾರದೊಳಗೆ ಬೇರೆ ಕಡೆ ಹುಟ್ಟಿ, ಎರಡು ದಿನದೊಳಗೆ ದೊಡ್ಡ ಘಟಕಕ್ಕೆ ಹೋದ ಮಕ್ಕಳಲ್ಲಿ ಮಿದುಳಿಗೆ ತೀವ್ರ ಪೆಟ್ಟು ಬಿದ್ದದ್ದು ಜಾಸ್ತಿ ಎಂದು 2019ರಲ್ಲಿ ಗೊತ್ತಾಯಿತು. ಇನ್ನು ನಿಮ್ಮ ತಾಲೂಕಿನ ನಗರ, ಮಾಸ್ತಿಕಟ್ಟೆ ಊರುಗಳ ಕಡೆಯ ಮಳೆಗಾಲದ ರಸ್ತೆಯಲ್ಲಿ? ಆಗುಂಬೆ ಘಾಟಿಯ 14 ತಿರುವುಗಳಲ್ಲಿ? ಸಾಗಿಸುವುದಾದರೆ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಸಾಗಿಸಬೇಕು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಸಂಜೆ ಲಾಂಚ್ ನಿಂತ ಮೇಲೆ ನೋವು ಬಂದರೆ ಅವರಿಗೆ ಸುತ್ತು ದಾರಿಯೇ ಗತಿಯಾಗಿತ್ತು. ದಿನ ಹತ್ತಿರ ಬಂದ ಬಸುರಿಯರನ್ನು ಮೊದಲೇ ಈಚೆ ದಡದ ನೆಂಟರ ಮನೆಗೆ ಕಳಿಸಿಬಿಡುವುದು ತಿಳಿದವರು ಮಾಡುತ್ತಿದ್ದ ಕೆಲಸ. ಅದೇ ಬುದ್ಧಿ ಈಗಲೂ ಸರಿ.

ಔಷಧ ಕೂಡ ಜಾಗ ನೋಡುತ್ತದೆ ಎಂದರೆ ನಂಬುತ್ತೀರಾ? 34 ವಾರಕ್ಕೆ ಮೊದಲು ಹೆರಿಗೆ ಆಗುವ ಸೂಚನೆ ಇದ್ದರೆ ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. 12 ಗಂಟೆಗೊಂದರಂತೆ ನಾಲ್ಕು. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಸುಲಭದ ಇಂಜೆಕ್ಷನ್, ಕಡಿಮೆ ಖರ್ಚು. ಹಾಗಾದರೆ ಹಳ್ಳಿ ಹಳ್ಳಿಯಲ್ಲೂ ಕೊಟ್ಟರೆ ಹೇಗೆ ಎಂದು ನಮ್ಮ ಬೆಳಗಾವಿ, ನಾಗಪುರವೂ ಸೇರಿದಂತೆ ಆರು ದೇಶಗಳ ಕೆಲವು ಕಡೆ ಪರೀಕ್ಷೆ ಮಾಡಿದರು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಘಾತ. ಸಣ್ಣ ಮಕ್ಕಳಿಗೆ ಲಾಭ ಕಾಣಲಿಲ್ಲ, ಒಟ್ಟು ಮಕ್ಕಳಲ್ಲಿ ಸಾವು ಜಾಸ್ತಿಯೇ ಆಗಿತ್ತು. ಆಮೇಲೆ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ವಾರಗಳನ್ನು ಸ್ಕ್ಯಾನ್ ಮಾಡಿ ಖಚಿತ ಮಾಡಿಕೊಂಡು, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರುವ ಕಡೆ ಮಾತ್ರ ಕೊಟ್ಟು ನೋಡಿದರು. 2020ರ ಆ ಫಲಿತಾಂಶದಲ್ಲಿ ನೂರಕ್ಕೆ 23.5 ಇದ್ದ ಹಸುಗೂಸುಗಳ ಸಾವು 19.6ಕ್ಕೆ ಇಳಿದಿತ್ತು. ಔಷಧ ಅದೇ. ಕೊಟ್ಟ ಜಾಗ, ಕೊಟ್ಟ ರೀತಿ ಬೇರೆ. "ಯಾವುದಕ್ಕೂ ಇರಲಿ" ಅಂತ ಸುಮ್ನೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಇದಲ್ಲ.

ಈಗ ನಿಮ್ಮ ಮಗಳ ವಿಷಯ. ಬಿ.ಪಿ. 140/90 ದಾಟಿದೆಯಾ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ, ಸ್ಕ್ಯಾನ್‌ನಲ್ಲಿ ಮಗು ವಾರಕ್ಕೆ ತಕ್ಕಂತೆ ಬೆಳೆದಿದೆಯಾ ಎಂದು ಅವಳ ಡಾಕ್ಟರನ್ನು ಕೇಳಿ. ಬಿ.ಪಿ. ತೊಂದರೆ ಏರಿದರೆ ಡಾಕ್ಟರೇ ದಿನಕ್ಕೆ ಮೊದಲು ಹೆರಿಗೆ ಮಾಡಿಸಬೇಕಾಗುತ್ತದೆ. ಹಗುರವಾಗಿದ್ದರೂ 37 ವಾರ ದಾಟಿಸುವುದು ಕಡಿಮೆ. ಅಂದರೆ ಜುಲೈ ಕೊನೆ ಎಂದು ನೀವು ಎಣಿಸುತ್ತಿರುವುದು ಜುಲೈ ಮೊದಲ ವಾರಕ್ಕೇ ಬರಬಹುದು. ಬಿ.ಪಿ. ಕೈ ಮೀರಿದರೆ ಜೂನ್‌ಗೂ ಬರಬಹುದು. ಆಗ ನಮ್ಮಲ್ಲಿ ಮಳೆ ಹಿಡಿದಿರುತ್ತದೆ.

ಹಾಗಾಗಿ 28 ವಾರದಲ್ಲಿ ಬೆಂಗಳೂರು ಬಿಡಿಸಿ ನಿಮ್ಮ ಹಳ್ಳಿಗೆ ಕರೆತರುವುದು ನನಗೆ ಒಪ್ಪಿಗೆಯಿಲ್ಲ. ಎನ್‌ಐಸಿಯು ಪಕ್ಕದಲ್ಲಿರುವವಳನ್ನು ನಾವೇ ಎರಡೂವರೆ ಗಂಟೆ ದೂರ ತಂದಂತೆ. ತವರಿನಲ್ಲೇ ಚೊಚ್ಚಲ ಹೆರಿಗೆ ಆಗಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹೆರಿಗೆ ಒಂದು ಕಡೆ, ಬಾಣಂತನ ಒಂದು ಕಡೆ ಮಾಡಲು ಏನಡ್ಡಿ? ಸೀಮಂತ ಬೆಂಗಳೂರಿನಲ್ಲೇ ಮಾಡಿ. ಹೆರಿಗೆ ಅಲ್ಲೇ ಆಗಲಿ. ನೀವೇ ಹೋಗಿ ಒಂದು ತಿಂಗಳಿದ್ದು, ತಾಯಿ ಮಗು ಗಟ್ಟಿಯಾದ ಮೇಲೆ ಕರೆತಂದು ಎರೆಯುವುದು, ಹೊಗೆ ಹಾಕುವುದು ಎಲ್ಲ ಮಾಡಿ. (ಹೊಗೆ ಮಾತ್ರ ಮಗುವಿನ ಮೂಗಿಗೆ ಬೇಡ, ಅದರ ಜಗಳ ಇನ್ನೊಮ್ಮೆ.) ಬೆಂಗಳೂರಿನಲ್ಲಿ ಇರಲು ಆಗುವುದೇ ಇಲ್ಲ ಅಂದರೆ, ಅಲ್ಲಿನ ಡಾಕ್ಟರ್ ಪ್ರಯಾಣಕ್ಕೆ ಒಪ್ಪಿದರೆ, ಶಿವಮೊಗ್ಗ ಪಟ್ಟಣದಲ್ಲೇ ನೆಂಟರ ಮನೆಯೋ ಬಾಡಿಗೆ ಕೋಣೆಯೋ ಮಾಡಿ ಇರಿ. ಬಂದ ವಾರವೇ ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ವರದಿ ತೋರಿಸಿ. ನೋವು ಬಂದ ರಾತ್ರಿ ಮೊದಲ ಸಲ ಮುಖ ತೋರಿಸಿದರೆ ವಾರಗಳ ಲೆಕ್ಕ ಹಾಕುವುದರಲ್ಲೇ ಹೊತ್ತು ಹೋಗುತ್ತದೆ.

ಖಾಸಗಿ ಆಸ್ಪತ್ರೆ ಆರಿಸಿದರೆ ಒಳಗಿನ ಟೈಲ್ಸು, ಎಸಿ ನೋಡಬೇಡಿ. ರಾತ್ರಿ ಎರಡು ಗಂಟೆಗೆ ಹೆರಿಗೆಯಾದರೆ ಮಕ್ಕಳ ಡಾಕ್ಟರ್ ಒಳಗೇ ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? 32 ವಾರದ ಮಗುವನ್ನು ಇಲ್ಲೇ ಇಟ್ಟುಕೊಳ್ಳುತ್ತೀರಾ, ಬೇರೆ ಕಡೆ ಕಳಿಸುತ್ತೀರಾ? ಸಿಪ್ಯಾಪ್ ಇದೆಯಾ? ಕರೆಂಟ್ ಹೋದರೆ ವಾರ್ಮರ್ ಓಡುತ್ತಾ? ನಮ್ಮ ಮಳೆಗಾಲದಲ್ಲಿ ಕೊನೆಯ ಪ್ರಶ್ನೆ ತಮಾಷೆಯದಲ್ಲ. ನೇರವಾಗಿ ಉತ್ತರ ಕೊಡುವವರನ್ನು ನಂಬಿ. "ಅದೆಲ್ಲ ನಾವು ನೋಡ್ಕೋತೀವಿ" ಅಂದರೆ ಇನ್ನೊಂದು ಆಸ್ಪತ್ರೆ ನೋಡಿ.

ಇಷ್ಟೆಲ್ಲ ಮಾಡಿಯೂ ಅವಳು ನಿಮ್ಮ ಮನೆಯಲ್ಲಿರುವಾಗಲೇ ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮೇಲ್ಹೊಟ್ಟೆ ನೋವು ಬಂದರೆ, ರಕ್ತ ಕಂಡರೆ, ನೀರು ಹೋದರೆ, ಮಗು ಆಡುವುದು ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಿಗುವ ಜಾಗ ಯಾವುದು, ರಾತ್ರಿ ಯಾರ ಜೀಪು ಸಿಗುತ್ತದೆ ಎಂದು ಈಗಲೇ ಗೊತ್ತು ಮಾಡಿಕೊಳ್ಳಿ, ಆಶಾ ಕಾರ್ಯಕರ್ತೆಗೂ ಹೇಳಿಟ್ಟಿರಿ. ಹತ್ತಿರದ ಆಸ್ಪತ್ರೆಯಲ್ಲಿ ಬಿ.ಪಿ. ಇಳಿಸುವ ಔಷಧ, ಬೇಕಾದ ಮೊದಲ ಇಂಜೆಕ್ಷನ್ ಹಾಕಿಸಿಕೊಂಡೇ ಮುಂದೆ ಹೊರಡಿ. ಹೊರಡುವ ಮೊದಲು ಅಲ್ಲಿಂದ ಶಿವಮೊಗ್ಗಕ್ಕೆ ಫೋನ್ ಮಾಡಿಸಿ, ಹಾಸಿಗೆ ಇದೆಯಾ ಕೇಳಿಸಿ.

ದಾರಿಯಲ್ಲೋ ತಾಲೂಕಿನಲ್ಲೋ ಸಣ್ಣ ಮಗು ಹುಟ್ಟಿಯೇಬಿಟ್ಟರೆ ಚೆನ್ನಾಗಿ ಒರೆಸಿ, ಒದ್ದೆ ಬಟ್ಟೆ ಬಿಸಾಡಿ, ತಲೆಗೆ ಟೋಪಿ ಹಾಕಿ, ತಾಯಿಯ ಬರಿ ಎದೆಗೆ ಮಗುವಿನ ಬರಿ ಮೈ ತಾಗುವಂತೆ ಕಟ್ಟಿ ಮೇಲೆ ಹೊದೆಸಿ. ತಾಯಿಗೆ ಆಗದಿದ್ದರೆ ನಿಮ್ಮ ಎದೆಗೇ ಕಟ್ಟಿಕೊಳ್ಳಿ. ಇದು ಬಡವರ ಉಪಾಯ ಅಂತ ಅಂದುಕೊಳ್ಳಬೇಡಿ. ದೆಹಲಿಯ ಒಂದು ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ, ಒಂದರಿಂದ 1.8 ಕೆಜಿಯೊಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಹೀಗೆ ಎದೆಗೆ ಕಟ್ಟುವ ಕಾಂಗರೂ ಆರೈಕೆ ಶುರು ಮಾಡಿದಾಗ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. 2021ರ ಮಾತಿದು. ತಾಯಿಯನ್ನೂ ಮಗುವಿನ ಜೊತೆ ಒಳಗೆ ಬಿಡುವ ಘಟಕ ಸಿಕ್ಕರೆ ಅದನ್ನೇ ಆರಿಸಿ.

ಪಕ್ಕದ ಮನೆಯ ಮಗುವಿನ ಬಗ್ಗೆ. ಅದು ಉಳಿಯುತ್ತಿತ್ತಾ ಎಂದು ಇಲ್ಲಿ ಕೂತು ಯಾರೂ ಹೇಳಲಾರರು. ಎಷ್ಟು ತೂಕ, ಸೋಂಕು ಇತ್ತಾ, ನೋವು ಬಂದು ಎಷ್ಟು ಹೊತ್ತಿಗೆ ಹೆರಿಗೆಯಾಯಿತು, ಏನೂ ಗೊತ್ತಿಲ್ಲ. ಒಂದು ಗಂಟೆಯಲ್ಲಿ ಹೆರಿಗೆಯಾಗುವಂತಿದ್ದರೆ ಹತ್ತಿರದ ಆಸ್ಪತ್ರೆಗೆ ಹೋದದ್ದೇ ಸರಿ, ಗಾಡಿಯಲ್ಲಿ ಹೆರುವುದಕ್ಕಿಂತ ಅದು ಮೇಲು. ಆ ಸೊಸೆಯ ಮುಂದೆ "ಉಳೀತಿತ್ತು" ಎನ್ನುವ ಮಾತು ಯಾರೂ ಎತ್ತದಂತೆ ನೋಡಿಕೊಳ್ಳಿ. ಮುಂದಿನ ಸಲ ಬಸುರಿಯಾದಾಗ ಮೊದಲ ಮೂರು ತಿಂಗಳಲ್ಲೇ ಡಾಕ್ಟರಿಗೆ "ಮೊದಲನೆಯದು ಬೇಗ ಹುಟ್ಟಿತ್ತು" ಎಂದು ಹೇಳಲಿ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಜಾಸ್ತಿ, ಅವರಿಗೂ ಜಾಗದ ಲೆಕ್ಕ ಮೊದಲೇ ಆಗಬೇಕು.

ಖರ್ಚಿನ ಹೆದರಿಕೆ ಇದ್ದರೆ, 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಎಲ್ಲ ಉಚಿತ. ಕಾಯಿಲೆ ಬಿದ್ದ ಮಗುವಿಗೆ ಒಂದು ವರ್ಷದವರೆಗೂ ಉಚಿತ. ವಾಪಸ್ ಮನೆಗೆ ಬಿಡಲು ನಗು-ಮಗು ಗಾಡಿ ಇದೆ, ಡಿಸ್ಚಾರ್ಜ್ ಹಿಂದಿನ ದಿನವೇ ವಾರ್ಡಿನ ಸಿಸ್ಟರ್ ಹತ್ತಿರ ಹೇಳಿಡಿ.